ಬಿಸಿಲಿನ ನವೆ: ಬಿಸಿಲೊಂದೇ ಕಾರಣವಲ್ಲ



ಇಪ್ಪತ್ತೈದು ವರ್ಷದಿಂದ ನಮ್ಮ ಸಂಘದಲ್ಲಿ ಸಾಲ, ಗೊಬ್ಬರ, ಬೀಜದ ಮಾತೇ ಹೆಚ್ಚು. ಈ ದಿವಸ ದುಡಿಯುವ ಮೈಯ ಬಗ್ಗೆ ಎರಡು ಮಾತು ಹೇಳುತ್ತೇವೆ.

ನಮ್ಮ ಹರವೆ ಸೀಮೆಯಲ್ಲಿ ಹೊಲದಿಂದ ಬಂದವರಿಗೆ ಮುಖ, ಕತ್ತು, ಮೊಳಕೈ ಮಡಿಕೆ ಕೆಂಪಾಗಿ ನವೆ ಹತ್ತಿದರೆ "ಬಿಸ್ಲು ಹೊಡೀತು" ಅನ್ನುವುದು ವಾಡಿಕೆ. ಬರೀ ಬಿಸಿಲಿಗೇ ಬರುವುದೂ ಉಂಟು. ಆದರೆ ದಾರಿ ಬದಿ, ಬೀಳು ಜಮೀನು ತುಂಬಾ ಬೆಳೆದಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಇನ್ನೊಂದು ಕಾರಣ. ಅದರ ಧೂಳು ಗಾಳಿಯಲ್ಲಿ ಹಾರಿ ಮೈಗೆ ಕೂರುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋಯಿತೋ, ಆಮೇಲೆ ಸ್ವಲ್ಪ ಸೋಕಿದರೂ ಸಾಕು. ಕೆಲವರಿಗೆ ಬಿಸಿಲು ತಾಗಿದರೆ ಇನ್ನೂ ಜಾಸ್ತಿ.

ಹಾಗಾದರೆ ಪತ್ತೆ ಹೇಗೆ? ವೈದ್ಯರು ಮೊದಲು ಜಾಗ ನೋಡುತ್ತಾರೆ. ಬರೀ ಬಿಸಿಲಿನದಾದರೆ ನೆರಳಿರುವ ಮೇಲ್ರೆಪ್ಪೆ, ಕಿವಿ ಹಿಂದೆ, ಗಲ್ಲದ ಕೆಳಗೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಧೂಳಿನದಾದರೆ ಅಲ್ಲೂ ಬರುತ್ತದೆ. ಎರಡೂ ಒಂದೇ ಥರ ಕಾಣುವುದೂ ಉಂಟು, ಆದ್ದರಿಂದ ನೋಟವೊಂದೇ ಸಾಲದು. ಯಾವ ಕೆಲಸ, ಯಾವ ತಿಂಗಳು, ಯಾವ ಮಾತ್ರೆ ಅಂತ ಕೇಳುತ್ತಾರೆ. ಕೆಲವು ಮಾತ್ರೆ ನುಂಗಿದವರಿಗೂ ಬಿಸಿಲು ತಡೆಯದು. ಆಮೇಲೆ ಪ್ಯಾಚ್ ಟೆಸ್ಟ್: ಗಿಡದ ಸಾರವನ್ನು ಬೆನ್ನಿಗೆ ಅಂಟಿಸಿ, 2 ದಿನ ಬಿಟ್ಟು ತೆಗೆದು ನೋಡಿ, ಮತ್ತೆರಡು ದಿನಕ್ಕೆ ಇನ್ನೊಮ್ಮೆ ನೋಡುತ್ತಾರೆ. ಅಲ್ಲಿ ಕೆಂಪಗೆ ಉಬ್ಬಿದರೆ ಒಗ್ಗದ ವಸ್ತು ತಿಳಿಯಿತು. ಅಷ್ಟು ದಿನ ಬೆನ್ನು ನೆನೆಸಬಾರದು. ಬೆಳಕು ಬಿದ್ದರೆ ಮಾತ್ರ ಕೆರಳುವಂಥದ್ದಾದರೆ ಎರಡು ಸಾಲು ಅಂಟಿಸಿ, ಒಂದಕ್ಕೆ ಅಳತೆಯ ಬೆಳಕು ಹಾಯಿಸುತ್ತಾರೆ. ಕೆನ್ನೆ ಕೆಂಪಾಗಿ ಜೊತೆಗೆ ಕೀಲುನೋವು, ಜ್ವರ ಇದ್ದರೆ ಲೂಪಸ್ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅದನ್ನು ತಡ ಮಾಡಬಾರದು.

ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮುಲಾಮು ತಿಂಗಳುಗಟ್ಟಲೆ ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಚರ್ಮ ತೆಳ್ಳಗಾಗುತ್ತದೆ, ರೋಗದ ಗುರುತೂ ಮರೆಯಾಗುತ್ತದೆ. ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಚರ್ಮರೋಗ ವಿಭಾಗವಿದೆ.

ಈ ನವೆ ಅಂಟುರೋಗವಲ್ಲ. ನವೆ ಇರುವವರನ್ನು ಪಂಕ್ತಿಯಿಂದ, ಕೂಲಿಯಿಂದ ದೂರ ಇಡುವುದು ಅನ್ಯಾಯ.

1984ರಲ್ಲಿ ಬೆಂಗಳೂರಿನಲ್ಲಿ ವಿಜ್ಞಾನಿಗಳು ಈ ಗಿಡ ತಿನ್ನುವ ಮೆಕ್ಸಿಕೋ ದುಂಬಿಯನ್ನು ಬಿಟ್ಟರು. ದುಂಬಿ ತಿಂದರೂ ಗಿಡ ಮುಗಿದಿಲ್ಲ. ಮಿಕ್ಕಿದ್ದು ನಮ್ಮ ಕೆಲಸ. ಹೂವಾಗುವ ಮುಂಚೆ, ಕೈಗೆ ಗವಸು ಹಾಕಿ, ಮಳೆ ಬಿದ್ದ ಹದದಲ್ಲಿ ಬೇರುಸಮೇತ ಕೀಳೋಣ. ನವೆ ಇರುವವರು ಮಾತ್ರ ಈ ಕೆಲಸಕ್ಕೆ ಬೇಡ. ಬೆಳ್ಳಿಹಬ್ಬದ ವರ್ಷದಲ್ಲಿ ಸಂಘದ ಗೋದಾಮು, ಶಾಲೆಯ ಸುತ್ತಲಿಂದಲೇ ಶುರು ಮಾಡೋಣವೆಂದು ಕೋರಿ ಮಾತು ಮುಗಿಸುತ್ತೇವೆ.