ಸಂಬಳ ಬಾಕಿ ಇದ್ರೆ ಎರಡೇ ತಿಂಗಳು, ಮೂರನೇದಕ್ಕೆ ಕಾಯಬೇಡಿ

ಫೋನ್ ಚಾರ್ಜ್ ಮಾಡೋಕೆ ಸಮುದ್ರದಲ್ಲಿ ಈಜಿ ದಡಕ್ಕೆ ಹೋಗೋದನ್ನ ಊಹಿಸಿಕೊಳ್ಳಿ. ಸಿರಿಯಾದ ನಾವಿಕ ಮೊಹಮ್ಮದ್ ಆಯಿಷಾ ಅದನ್ನೇ ಮಾಡ್ತಿದ್ದರು.

2017ರ ಮೇ ತಿಂಗಳಲ್ಲಿ ಅವರು 'ಅಮಾನ್' ಅನ್ನೋ ಸರಕು ಹಡಗಿಗೆ ಚೀಫ್ ಆಫೀಸರ್ ಆಗಿ ಸೇರಿದರು. ಜುಲೈನಲ್ಲಿ, ಸರ್ಟಿಫಿಕೇಟುಗಳ ಅವಧಿ ಮುಗಿದಿದೆ ಅಂತ ಈಜಿಪ್ಟಿನ ಅದಬಿಯಾ ಬಂದರಿನಲ್ಲಿ ಹಡಗನ್ನ ತಡೆದರು. ಮಾಲೀಕರ ಹತ್ರ ದುಡ್ಡಿರಲಿಲ್ಲ. ಕ್ಯಾಪ್ಟನ್ ದಡದಲ್ಲಿದ್ದರು. ಅಲ್ಲಿನ ಕೋರ್ಟು ಆಯಿಷಾ ಅವರನ್ನೇ ಹಡಗಿನ ಕಾನೂನುಬದ್ಧ ಪಾಲಕ ಅಂತ ಮಾಡಿಬಿಟ್ಟಿತು. ಉಳಿದವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಕರೆಂಟಿಲ್ಲದ ಹಡಗಿನಲ್ಲಿ ಇವರೊಬ್ಬರೇ. ಅಲ್ಲಿದ್ದಾಗಲೇ ತಾಯಿ ತೀರಿಕೊಂಡ ಸುದ್ದಿ ಬಂತು. ಬಿಡುಗಡೆ ಆಗಿದ್ದು 2021ರ ಏಪ್ರಿಲ್‌ನಲ್ಲಿ.

ಇದು ಅತಿರೇಕದ ಕೇಸು, ಒಪ್ಪೋಣ. ಆದರೆ ನಾವಿಕರನ್ನ ಹಡಗಲ್ಲೇ ಬಿಟ್ಟು ಮಾಲೀಕ ಕೈತೊಳೆದುಕೊಳ್ಳೋದು ಅಪರೂಪವೇನಲ್ಲ. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ ಐಟಿಎಫ್ ಲೆಕ್ಕದಲ್ಲಿ 2024ರಲ್ಲಿ ಹೀಗಾದದ್ದು 312 ಹಡಗುಗಳಲ್ಲಿ, 3,133 ಜನರಿಗೆ. ಅವರಲ್ಲಿ ಅತಿ ಹೆಚ್ಚು ಮಂದಿ ಭಾರತೀಯರು.

'ಇಳಿದು ಬರಬಹುದಲ್ವಾ?' ಅಂತ ಕೇಳ್ತೀರಿ. ವೀಸಾ ಇಲ್ಲದೆ ಆ ದೇಶದೊಳಗೆ ಕಾಲಿಡೋ ಹಾಗಿಲ್ಲ. ಖಾಲಿ ಹಡಗು ಬಂದರಿಗೆ ಅಪಾಯ, ಹಾಗಾಗಿ ಬದಲಿ ಜನ ಬರೋವರೆಗೆ ಬಿಡಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇಳಿದರೆ ಬಾಕಿ ಸಂಬಳ ಹೋಯ್ತು ಅನ್ನೋ ಭಯ. ಹೊಣೆಗಾರನನ್ನ ಹುಡುಕೋದೂ ಕಷ್ಟ: ಮಾಲೀಕ ಒಂದು ದೇಶದವನು, ಹಡಗಿನ ಧ್ವಜ ಇನ್ನೊಂದು ದೇಶದ್ದು, ಏಜೆಂಟ್ ಮತ್ತೊಂದು ಕಡೆ.

ಮಾಲೀಕನ ಬಾಯಲ್ಲಿ ಬರೋದು ಒಂದೇ ಮಾತು, 'ಮುಂದಿನ ಬಂದರಿನಲ್ಲಿ ಕೊಡ್ತೀವಿ'. ಹುಡುಗರು ನಂಬ್ತಾರೆ, ಆರು ತಿಂಗಳು, ಎಂಟು ತಿಂಗಳು ಕಾಯ್ತಾರೆ. ಇಲ್ಲೇ ಲೆಕ್ಕ ತಪ್ಪೋದು. ಭಾರತವೂ ಒಪ್ಪಿರೋ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ, ಮಾಲೀಕ ಕನಿಷ್ಠ ಎರಡು ತಿಂಗಳ ಸಂಬಳ ಕೊಡದೆ ಸಂಬಂಧ ಕಡಿದುಕೊಂಡರೆ ನಿಮ್ಮನ್ನ 'ಕೈಬಿಟ್ಟಂತೆ'. ಊಟ, ನೀರು, ಊರಿಗೆ ಹೋಗೋ ಖರ್ಚು ಕೊಡದಿದ್ದರೂ ಅಷ್ಟೇ. ಇದಕ್ಕಾಗಿ ಹಡಗಿಗೆ ವಿಮೆಯಂಥ ಭದ್ರತೆ ಇರಲೇಬೇಕು ಅಂತ 2017ರ ಜನವರಿಯಿಂದ ನಿಯಮ ಇದೆ. ಆದರೆ ಆ ಭದ್ರತೆ ಕೊಡೋದು ಹೆಚ್ಚೆಂದರೆ ನಾಲ್ಕು ತಿಂಗಳ ಬಾಕಿ ಸಂಬಳ. ಎಂಟು ತಿಂಗಳು ಕಾದವರಿಗೂ ನಾಲ್ಕೇ. ಉಳಿದದ್ದಕ್ಕೆ ಹಡಗನ್ನೇ ಕೋರ್ಟಿನಲ್ಲಿ ಹಿಡಿಸಬೇಕು. ತಾಳ್ಮೆಗೆ ಬೋನಸ್ ಇಲ್ಲ ಸ್ವಾಮಿ!

ಆ ಭದ್ರತೆಯ ಸರ್ಟಿಫಿಕೇಟನ್ನ ಹಡಗಿನಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿರಬೇಕು. ಹತ್ತಿದ ದಿನವೇ ಫೋಟೋ ತೆಗೆದು ಮನೆಗೆ ಕಳಿಸಿ, ಕಾಂಟ್ರಾಕ್ಟಿನ ಪ್ರತಿ ಜೊತೆಗೆ. ಅದರಲ್ಲಿ ವಿಮೆದಾರರ ಫೋನ್ ನಂಬರ್ ಇರುತ್ತೆ. ಎರಡು ತಿಂಗಳಾಯ್ತಾ, ಅವರಿಗೆ, ಐಟಿಎಫ್‌ಗೆ, ನಮ್ಮ ಡಿಜಿ ಶಿಪ್ಪಿಂಗ್‌ಗೆ ಒಟ್ಟಿಗೇ ಬರೆಯಿರಿ.

ಇನ್ನು, ಭಾರತದ ಬಂದರಿನಲ್ಲಿ ಹಡಗು ಇದ್ದರೆ 2017ರ ಅಡ್ಮಿರಾಲ್ಟಿ ಕಾಯ್ದೆ ಇದೆ. ನವಮಂಗಳೂರಿಗೆ ಬಂದ ಹಡಗಿನ ಮೇಲೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ದಾವೆ ಹೂಡಬಹುದು. ಹಡಗಿನ ಮೇಲಿನ ಹಕ್ಕುಗಳ ಸಾಲಿನಲ್ಲಿ ನಾವಿಕರ ಸಂಬಳವೇ ಮೊದಲು.

ಇನ್ನೂ ಹಡಗು ಹತ್ತದ ತಮ್ಮಂದಿರು, ತಂಗಿಯಂದಿರು ಕೇಳ್ತಿದ್ದರೆ: ಏಜೆಂಟ್ ಹತ್ರ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯಾ ಅಂತ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ. ಕೆಲಸ ಕೊಡಿಸೋಕೆ ನಿಮ್ಮಿಂದ ದುಡ್ಡು ತಗೊಳ್ಳೋ ಹಾಗಿಲ್ಲ. ಲಕ್ಷಗಟ್ಟಲೆ ಕೇಳಿದರೆ, ಅಲ್ಲಿಂದಲೇ ಎದ್ದು ಬನ್ನಿ.