ಅಪ್ಪನ ಸೈಕಲ್ಲಿಗೆ ಮೋಟಾರು



ಇಂದು ನಾನು ಬಂದದ್ದು ನಮ್ಮಪ್ಪನ ರ್ಯಾಲೆ ಸೈಕಲ್ಲಿನಲ್ಲಿ. ಹೈಸ್ಕೂಲಿನ ಮೂರು ವರ್ಷವೂ ಅದರ ಕ್ಯಾರಿಯರ್ ಮೇಲೆ ಕುಳಿತು ಇದೇ ಏರು ಹತ್ತಿದವನು ನಾನು. ಈಗ ಮಂಡಿನೋವು. ಮಾರಿಬಿಡಿ ಎಂದರು ಮನೆಯವರು. ಮನಸ್ಸು ಬರಲಿಲ್ಲ.

ಚಕ್ರದೊಳಗೆ ಕೂರುವ ಮೋಟಾರೂ ಸಿಗುತ್ತದೆ. ಆದರೆ ಅದನ್ನು ಹಿಂದೆ ಹಾಕಿದರೆ ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ಬು ಹೋಗುತ್ತದೆ. ಮುಂದೆ ಹಾಕಿದರೆ ಆ ಸಣ್ಣ ಫೋರ್ಕು ತಡೆಯುತ್ತದೆಂಬ ಧೈರ್ಯವಿರಲಿಲ್ಲ. ಹಾಗಾಗಿ ಪೆಡಲಿನ ಅಚ್ಚಿನ ಜಾಗದಲ್ಲಿ ಕೂರುವ 250 ವಾಟ್ ಮೋಟಾರು ತರಿಸಿದೆ. ಇದರ ಬಲ ಚೈನಿನ ಮೂಲಕವೇ ಹೋಗುವುದರಿಂದ ಗೇರು ಮೋಟಾರಿಗೂ ದಕ್ಕುತ್ತದೆ. ಒಂದನೇ ಗೇರಿನಲ್ಲಿ ಹಿಂದಿನ ಹಲ್ಲುಚಕ್ರ ಪೂರ್ತಿ ಸುತ್ತಿದರೆ ಗಾಲಿ ಮುಕ್ಕಾಲು ಸುತ್ತು. ಏರಿಗೆ ಬೇಕಾದ್ದೇ ಅದು. ಗೇರು ಬದಲಿಸುವಾಗ ಮಾತ್ರ ತುಳಿಯುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಹಬ್ಬಿಗೆ ಪೆಟ್ಟು.

ಕಾಟರ್ ಪಿನ್ನು ತೆಗೆಯಲು ಎರಡು ದಿನ ಹಿಡಿಯಿತು. ಅಪ್ಪ ಬಡಿದು ಕೂರಿಸಿದ್ದಲ್ಲವೇ! ಫ್ರೇಮಿಗೆ ಗರಗಸ ತಾಗಿಸಲಿಲ್ಲ, ಬೆಸುಗೆ ಹಾಕಲಿಲ್ಲ. ಆದರೂ ಮೊದಲ ದಿನವೇ ನಟ್ಟು ಸಡಿಲವಾಗಿ ಮೋಟಾರು ಮೇಲಕ್ಕೆ ತಿರುಗಿ ಫ್ರೇಮಿನ ಬಣ್ಣ ಕೆರೆಯಿತು. ಬಿಗಿ ಸಾಲದ್ದು, ತಪ್ಪು ನನ್ನದೇ. ಆ ಗೀರಿಗೆ ಬಣ್ಣ ಹಚ್ಚಿಲ್ಲ. ಉಕ್ಕಿನ ರಿಮ್ಮು ನೆನೆದರೆ ಬ್ರೇಕು ಸರಿಯಾಗಿ ಹಿಡಿಯದು. ಮಳೆ ಬಂದರೆ ಮೋಟಾರು ಆರಿಸಿ ಮೆಲ್ಲಗೆ ತುಳಿಯುತ್ತೇನೆ.

ಹಳೆಯ ಅಚ್ಚು, ಕಪ್ಪು, ಕ್ರ್ಯಾಂಕು ಎಲ್ಲವನ್ನೂ ಗ್ರೀಸು ಹಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ. ಮೊಮ್ಮಗನಿಗೆ ಮೋಟಾರು ಬೇಡವೆನಿಸಿದರೆ ಬಿಚ್ಚಿ ಅವನ್ನೇ ಹಾಕಿಕೊಳ್ಳಲಿ.

ಸೈಕಲ್ಲು ಹೊರಗೆ ಬೇವಿನ ಮರದಡಿ ಇದೆ. ಸಭೆ ಮುಗಿದ ಮೇಲೆ ಬನ್ನಿ ಮಕ್ಕಳೇ, ಒಬ್ಬೊಬ್ಬರಾಗಿ ಓಡಿಸಿ ನೋಡಿ.