ಸೇವೆಯೆಂಬ ಹೆಸರಿನಲ್ಲಿ ಸಂಬಳ



ನಮ್ಮ ಬಿ.ಸಿ.ರೋಡಿನ ಸುತ್ತ ಬೀಡಿ ಕಟ್ಟುವ ಅಕ್ಕಂದಿರ ಬಳಿ ಪುಸ್ತಕವಿರುತ್ತದೆ. ಪಡೆದ ಎಲೆ, ಹೊಗೆಸೊಪ್ಪು, ಬ್ರಾಂಚಿಗೆ ಕೊಟ್ಟ ಬೀಡಿ ಎಲ್ಲವೂ ಅದರಲ್ಲಿ ದಾಖಲು. ಕಂಪ್ಯೂಟರ್ ವಿದ್ಯೆಯಿಂದ ಜನಸೇವೆ ಮಾಡುವ ಸಣ್ಣ ಸಂಸ್ಥೆಗಳಿಗೆ ಸೇರಿದ ನಮ್ಮ ಮಕ್ಕಳ ಬಳಿ ಎಷ್ಟೋ ಕಡೆ ನೇಮಕದ ಕಾಗದವೂ ಇಲ್ಲ! ಮುಖಂಡರು ಒಳ್ಳೆಯವರೇ, ಅನುಭವ ಸಾಲದು. ಯಂತ್ರ ಬಲ್ಲರು, ಹಾಜರಿ ಪುಸ್ತಕ ಅರಿಯರು. ದೇಣಿಗೆ ತಡವಾದರೆ ಸಂಬಳವೂ ತಡ. ಕೇಳಿದರೆ, ಇದು ಸೇವೆಯಲ್ಲವೇ ಎನ್ನುತ್ತಾರೆ. ಬಾಡಿಗೆ ಕೇಳಲು ಬಂದ ಮನೆಯೊಡೆಯನಿಗೆ ಹೀಗೆ ಹೇಳಲಾದೀತೇ?

ಸಂಘವೆಂದು ನೋಂದಾಯಿಸಿದ್ದರೆ 1960ರ ಕಾಯಿದೆಯಂತೆ ವರ್ಷಕ್ಕೊಮ್ಮೆ ಮಹಾಸಭೆ ಕರೆಯಲೇಬೇಕು. 10 ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಬೇಕೆಂದು 2013ರ ಕಾಯಿದೆ ಹೇಳುತ್ತದೆ. ಲಾಭ ಮಾಡುವುದಿಲ್ಲವೆಂದು ವಿನಾಯಿತಿಯಿಲ್ಲ.

ನೇಮಕದ ಕಾಗದ ಕೊಡಿ, ಸಂಬಳದ ದಿನ ಗೊತ್ತುಮಾಡಿ, ಲೆಕ್ಕವನ್ನು ದುಡಿಯುವವರ ಮುಂದಿಡಿ ಎಂದು ನಾವು ಕೇಳುತ್ತೇವೆ.